ಒಂದೇ ಶನಿವಾರಕ್ಕೆ ಮೂರು ರಾಹುಕಾಲ

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಅಡಿಲೇಡ್‌ನಲ್ಲಿ ಎಲ್ಲಾದರೂ ಇರಬಹುದು. ನಾವಿರುವ ಸ್ಯಾಲಿಸ್‌ಬರಿಯಲ್ಲಂತೂ ಇಲ್ಲ. ಇದು ಜಂಬದ ಮಾತಲ್ಲ, ನನ್ನ ಹೊಟ್ಟೆಪಾಡು. ಒಂದು ದೊಡ್ಡ ಗೋದಾಮಿನಲ್ಲಿ ಯಾವ ಲಾರಿ ಎಷ್ಟು ಹೊತ್ತಿಗೆ ಯಾವ ಬಾಗಿಲಿಗೆ ಬಂದು ನಿಲ್ಲಬೇಕು ಎಂದು ಪಟ್ಟಿ ಮಾಡುವುದೇ ನನ್ನ ಕೆಲಸ. ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಲಾರಿಗಳು ನನ್ನ ಮಾತು ಕೇಳುತ್ತವೆ. ಮನೆಯವರ ವಿಷಯ ಬೇರೆ.

ಹೀಗಾಗಿ, ಅಕ್ಕನಿಗೆ ಐದು ಹಳೆಯ ಊರುಗಳನ್ನು ಒಂದೇ ದಿನದಲ್ಲಿ ತೋರಿಸಿಬಿಡುತ್ತೇನೆ ಎಂದು ಘೋಷಿಸಿದಾಗ ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ನನ್ನ ಅಕ್ಕ ಸರೋಜ ಮೈಸೂರಿನಲ್ಲಿರುವವಳು. ಭಾವ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟರಾಗಿದ್ದರು. ನಿವೃತ್ತಿಯ ನಂತರ ಇಬ್ಬರೂ ನಮ್ಮಲ್ಲಿಗೆ ಬರುವುದೆಂದು ಮೂರು ವರ್ಷಗಳಿಂದ ಮಾತಾಗಿತ್ತು. ಭಾವ ಅದಕ್ಕೆಂದೇ ಒಂದು ಡೈರಿ ಇಟ್ಟು, ಅಡಿಲೇಡ್ ಸುತ್ತಮುತ್ತ ನೋಡಬೇಕಾದ ಹಳೆಯ ಊರುಗಳನ್ನು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದುಕೊಂಡಿದ್ದರು. ಜರ್ಮನಿಯಿಂದ ಬಂದವರು ಕಟ್ಟಿದ ಬೆಟ್ಟದ ಹಳ್ಳಿ, ದ್ರಾಕ್ಷಿತೋಟಗಳ ನಡುವೆ ಚರ್ಚುಗಳಿರುವ ಊರು, ಹಿಟ್ಟಿನ ಗಿರಣಿಯ ಊರು, ಹಳೆಯ ಹಡಗುಕಟ್ಟೆಯ ಊರು, ಕೊನೆಗೆ ತಾಮ್ರದ ಗಣಿಯ ಊರು. ತಾಮ್ರದ ಊರಿನ ಕೆಳಗೆ ಮಾತ್ರ ಎರಡು ಗೆರೆ ಎಳೆದಿದ್ದರು. ಒಂದು ಕಾಲದಲ್ಲಿ ಅಲ್ಲಿಯ ಗಣಿ ಕೆಲಸಗಾರರು ಹೊಳೆಯ ದಂಡೆಯನ್ನೇ ಕೊರೆದು ಅದರೊಳಗೆ ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುತ್ತಿದ್ದರಂತೆ. ಅದನ್ನು ಕಣ್ಣಾರೆ ನೋಡಬೇಕೆಂಬುದು ಭಾವನ ಆಸೆ. ಟಿಕೆಟ್ ತೆಗೆಯುವ ಮೊದಲೇ ಒಂದು ಬೆಳಿಗ್ಗೆ ಅವರು ಹೋಗಿಬಿಟ್ಟರು. ಎದೆನೋವು ಬಂತಂತೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ನಮಗೆ ಗೊತ್ತಿದ್ದದ್ದು ಅಷ್ಟೇ.

ವರ್ಷದ ಕಾರ್ಯ ಮುಗಿಸಿಕೊಂಡು ಅಕ್ಕ ಒಬ್ಬಳೇ ಬಂದಳು. ಕೈಚೀಲದಲ್ಲಿ ಭಾವನ ಡೈರಿ ಇತ್ತು. ಬಂದು ಎರಡು ತಿಂಗಳಾದರೂ ಹೊಸಲು ದಾಟಲಿಲ್ಲ. ಈ ಎರಡು ತಿಂಗಳಲ್ಲಿ ಅವಳು ವೀಕ್ಷಿಸಿದ ಪ್ರೇಕ್ಷಣೀಯ ಸ್ಥಳಗಳು ಎರಡು: ನಮ್ಮ ಹಿತ್ತಲಿನ ತಗಡಿನ ಬೇಲಿ ಮತ್ತು ಪಕ್ಕದ ಮನೆಯ ಹಳದಿ ಮುಚ್ಚಳದ ಕಸದ ಡಬ್ಬ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತರೆ ಕತ್ತಲಾಗುವವರೆಗೂ ಅಲ್ಲೇ. ಹೊರಗೆ ಜುಲೈ ತಿಂಗಳ ಚಳಿ, ಜಿಟಿಜಿಟಿ ಮಳೆ. ಒಳಗೆ ಅಕ್ಕ. ಎರಡರಲ್ಲಿ ಯಾವುದಕ್ಕೂ ನನ್ನ ಬಳಿ ಉಪಾಯವಿರಲಿಲ್ಲ.

ಮೈಸೂರಿಗೆ ವಾಪಸ್ ಹೊರಡುವುದಕ್ಕೆ ನಾಲ್ಕು ದಿನವಿದೆ ಎನ್ನುವಾಗ, ಗುರುವಾರ, ಅಕ್ಕ ತಾನಾಗಿಯೇ ಬಾಯಿಬಿಟ್ಟಳು.

"ನಾಗೂ, ಆ ತಾಮ್ರದ ಊರೊಂದನ್ನ ತೋರಿಸ್ತೀಯೇನೋ? ಅವರು ತುಂಬಾ ಆಸೆಪಟ್ಟಿದ್ರು. ಅದೊಂದು ನೋಡ್ಕೊಂಡು ಹೋಗ್ಬಿಡ್ತೀನಿ."

ಗಮನಿಸಿ. ಅವಳು ಕೇಳಿದ್ದು ಒಂದು ಊರು. ಬುದ್ಧಿಯಿದ್ದವನು ಒಂದು ಊರು ತೋರಿಸುತ್ತಿದ್ದ. ನನಗಿದ್ದದ್ದು ಬುದ್ಧಿಯಲ್ಲ, ಎಕ್ಸೆಲ್!

ಆ ರಾತ್ರಿಯೇ ಐದು ಊರಿಗೂ ಪಟ್ಟಿ ತಯಾರಾಯಿತು. ಪ್ರತಿ ಊರಿಗೆ ನಲವತ್ತು ನಿಮಿಷ. ಅದರಲ್ಲಿ ಇಳಿಯಲು ಎರಡು, ಫೋಟೋಗೆ ಆರು, ಶೌಚಾಲಯಕ್ಕೆ ಐದು, ಚರಿತ್ರೆಗೆ ಇಪ್ಪತ್ತೇಳು. ಚಿಕ್ಕಂದಿನಲ್ಲಿ ಸ್ಕೂಲಿನ ಪ್ರವಾಸದಲ್ಲಿ ನಾವು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಬರಲಿಲ್ಲವೇ? ಪಟ್ಟಿಯನ್ನು ನೋಡಿ ನನ್ನ ಹೆಂಡತಿ ವೀಣಾ ಕೇಳಿದಳು: "ಊಟ ಎಲ್ಲಿ ರೀ?"

"ಕಾರಲ್ಲೇ. ಪುಳಿಯೋಗರೆ. ನಾನು ಓಡಿಸ್ತಾ ಇರ್ತೀನಿ, ನೀನು ತಿನ್ನಿಸು."

"ಮ್ಯೂಸಿಯಂ ಎಷ್ಟೊತ್ತಿಗೆ ತೆಗೀತಾರೆ, ಎಷ್ಟೊತ್ತಿಗೆ ಮುಚ್ತಾರೆ ಅಂತ ನೋಡಿದ್ರಾ?"

"ಟೂರಿಸ್ಟ್ ಜಾಗ ಕಣೇ ಅದು. ಶನಿವಾರ ಮುಚ್ಚಿರ್ತಾರಾ?" ಎಂದು ಅವಳ ಅಜ್ಞಾನಕ್ಕೆ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಮೈಯೆಲ್ಲ ಬೆವರುತ್ತದೆ.

ಶುಕ್ರವಾರ ಸಂಜೆ ಪಟ್ಟಿಯನ್ನು ಕೊನೆಯ ಸಲ ಪರಿಶೀಲಿಸುವಾಗ ನನ್ನ ಕಣ್ಣು ಅಡುಗೆಮನೆಯ ಗೋಡೆಯ ಮೇಲೆ ಬಿತ್ತು. ಅಲ್ಲಿ ಅಕ್ಕನೇ ಮೈಸೂರಿನಿಂದ ತಂದಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ಶನಿವಾರ, ರಾಹುಕಾಲ ಒಂಬತ್ತರಿಂದ ಹತ್ತೂವರೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ರಾಹುಕಾಲ ನೋಡುವವನಲ್ಲ. ನೋಡುವವಳು ಅಕ್ಕ. ನನ್ನ ಪರೀಕ್ಷೆ ಇದ್ದ ದಿನ ಹೊಸಲಿನ ಬಳಿ ನನ್ನ ಕಾಲರ್ ಹಿಡಿದುಕೊಂಡು, ಗಡಿಯಾರ ನೋಡಿ, ಹೊತ್ತು ಕಳೆದ ಮೇಲೆ ಕೈಬಿಡುತ್ತಿದ್ದವಳು ಅವಳು. ಅಂಥವಳನ್ನು ಭಾವನ ಊರಿಗೆ ರಾಹುಕಾಲದಲ್ಲಿ ಹೊರಡಿಸಿದರೆ ಅವಳ ಮನಸ್ಸಿಗೆ ಹೇಗಾಗಬೇಡ? ಈ ಒಂದು ಪ್ರಯಾಣದಲ್ಲಾದರೂ ಅವಳಿಗೆ ಯಾವ ಕಿರಿಕಿರಿಯೂ ಆಗಬಾರದು ಎಂದು ತೀರ್ಮಾನಿಸಿದೆ. ನನ್ನ ಉದ್ದೇಶ ಅತ್ಯಂತ ಪವಿತ್ರವಾಗಿತ್ತು ಎಂಬುದನ್ನು ಸಂಬಂಧಪಟ್ಟವರೆಲ್ಲರೂ ದಯವಿಟ್ಟು ದಾಖಲಿಸಿಕೊಳ್ಳಬೇಕು.

ಆದರೆ ಯೋಜನೆ ಹಾಕುವವನ ತಲೆ ಸುಮ್ಮನಿರುತ್ತದೆಯೇ? ಒಂಬತ್ತರಿಂದ ಹತ್ತೂವರೆ ಎನ್ನುವುದು ಆರು ಗಂಟೆಗೆ ಸೂರ್ಯ ಹುಟ್ಟುವ ಊರಿನ ಲೆಕ್ಕ. ಅಡಿಲೇಡ್‌ನ ಚಳಿಗಾಲದಲ್ಲಿ ಸೂರ್ಯ ಏಳೂಕಾಲು ದಾಟಿದ ಮೇಲೆ ಆಕಳಿಸುತ್ತಾ ಬರುತ್ತಾನೆ, ಐದಕ್ಕೆಲ್ಲ ಮನೆಗೆ ಹೋಗುವ ಆತುರದಲ್ಲಿರುತ್ತಾನೆ. ಹಗಲನ್ನು ಎಂಟು ಭಾಗ ಮಾಡಿ ಮೂರನೆಯ ಭಾಗ ತೆಗೆದರೆ ಇಲ್ಲಿಯ ರಾಹುಕಾಲ ಒಂಬತ್ತು ಐವತ್ತರಿಂದ ಹನ್ನೊಂದು ಐದು! ಇನ್ನೊಂದು ಅನುಮಾನವೂ ಬಂತು. ಅಕ್ಕನ ಮನೆದೇವರು, ಜಾತಕ ಎಲ್ಲ ಇರುವುದು ಮೈಸೂರಿನಲ್ಲಿ. ಅವಳಿಗೆ ಅನ್ವಯಿಸುವುದು ಮೈಸೂರಿನ ಗಡಿಯಾರವಲ್ಲವೇ? ಅಲ್ಲಿ ಒಂಬತ್ತಾದಾಗ ಇಲ್ಲಿ ಮಧ್ಯಾಹ್ನ ಒಂದು. ಅಂದರೆ ಒಂದರಿಂದ ಎರಡೂವರೆ!

ಒಂದೇ ಶನಿವಾರಕ್ಕೆ ಮೂರು ರಾಹುಕಾಲ. ಮೂರನ್ನೂ ಪಟ್ಟಿಯಲ್ಲಿ ಕೆಂಪು ಬಣ್ಣ ಹಚ್ಚಿ ಗುರುತಿಸಿದೆ.

"ರಾಹು ಪಾಸ್‌ಪೋರ್ಟ್ ಮಾಡಿಸ್ಕೊಂಡು ಮೈಸೂರಿಂದ ಇಲ್ಲಿಗೆ ಬರ್ತಾನೇನ್ರೀ?" ಎಂದಳು ವೀಣಾ.

"ನಿಂಗೊತ್ತಾಗಲ್ಲ, ಸುಮ್ನಿರು. ಅಕ್ಕನಿಗೋಸ್ಕರ."

ಕುರ್ಚಿಯಲ್ಲಿ ಕೂತಿದ್ದ ಅಕ್ಕನಿಗೆ ಹೋಗಿ ವರದಿ ಒಪ್ಪಿಸಿದೆ. "ಅಕ್ಕಾ, ನೀನೇನೂ ಯೋಚನೆ ಮಾಡ್ಬೇಡ. ರಾಹುಕಾಲ ಎಲ್ಲಾ ನೋಡಿಯೇ ಇಟ್ಟಿದೀನಿ."

ಅಕ್ಕ ಕಸದ ಡಬ್ಬದಿಂದ ಕಣ್ಣು ತೆಗೆಯಲಿಲ್ಲ. "ನಿನ್ನಿಷ್ಟ ಕಣೋ," ಎಂದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಎಲ್ಲರೂ ಸಿದ್ಧ. ಅಕ್ಕ ರೇಷ್ಮೆ ಅಂಚಿನ ಸೀರೆ ಉಟ್ಟು, ಮೇಲೆ ವೀಣಾಳ ದಪ್ಪ ಜಾಕೆಟ್ ಹಾಕಿಕೊಂಡು, ಡೈರಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಆಗಲೇ ಹೊರಟಿದ್ದರೆ ಎಲ್ಲವೂ ಚೆನ್ನಾಗಿರುತ್ತಿತ್ತು. ಆದರೆ ಪುಳಿಯೋಗರೆಯ ಡಬ್ಬದ ಮುಚ್ಚಳ ಸಿಗಲಿಲ್ಲ. ಸಿಗುವಷ್ಟರಲ್ಲಿ ಒಂಬತ್ತು ಹೊಡೆಯಿತು. ಕೆಂಪು ಬಣ್ಣ ಶುರು!

ಎರಡು ಗಂಟೆ ಐದು ನಿಮಿಷ ನಾವು ನಾಲ್ವರೂ ಬೂಟು, ಚಪ್ಪಲಿ, ಜಾಕೆಟ್ ಸಮೇತ ಸೋಫಾದ ಮೇಲೆ ಸಾಲಾಗಿ ಕೂತೆವು. ಹದಿನಾಲ್ಕು ವರ್ಷದ ಮಗಳು ಇಂಚರ ಫೋನಿನಿಂದ ತಲೆಯೆತ್ತಿ, "ವೈ ಆರ್ ವಿ ಜಸ್ಟ್ ಸಿಟ್ಟಿಂಗ್ ಹಿಯರ್?" ಎಂದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ. ಬಾಯಿಂದ ಮಾತ್ರ ಬರುವುದಿಲ್ಲ ಎಂದು ನಾವು ನಂಬಿದ್ದೆವು. ಅಕ್ಕ ಒಂದೆರಡು ಸಲ ಬಾಗಿಲ ಕಡೆ ನೋಡಿದಳು. ಅವಳ ಕಾಲಲ್ಲಿ ಚಪ್ಪಲಿ ಇತ್ತು. ಅವಳು ಅದನ್ನೇ ದಿಟ್ಟಿಸುತ್ತಿದ್ದಳು.

ಹೊರಟಾಗ ಹನ್ನೊಂದೂ ಇಪ್ಪತ್ತು. ನಾಲ್ಕು ಊರುಗಳನ್ನು ಅಲ್ಲೇ ಗೇಟಿನ ಬಳಿ ರದ್ದುಪಡಿಸಿದೆ. ಪರವಾಗಿಲ್ಲ, ತಾಮ್ರದ ಊರು ಉಳಿದಿತ್ತು. ಒಂದು ಹೊಡೆಯುವುದರೊಳಗೆ ಮುಟ್ಟಿ, ಮೂರನೆಯ ರಾಹುಕಾಲ ಶುರುವಾಗುವ ಮೊದಲೇ ಮ್ಯೂಸಿಯಂ ಒಳಗೆ ಕಾಲಿಟ್ಟುಬಿಟ್ಟರೆ ಆಯಿತು. ಒಳಗೆ ಹೋದ ಮೇಲೆ ರಾಹು ನಮ್ಮನ್ನೇನು ಮಾಡುತ್ತಾನೆ?

ರಾಹು ಏನೂ ಮಾಡಲಿಲ್ಲ. ಮಾಡಿದ್ದು ಒಂದು ಕ್ಯಾರವಾನ್. ಉತ್ತರದ ಆ ಒಂಟಿ ದಾರಿಯಲ್ಲಿ ನಮ್ಮ ಮುಂದೆ ಯಾರೋ ಅಜ್ಜ ಅಜ್ಜಿ ಮನೆಯನ್ನೇ ಕಾರಿಗೆ ಕಟ್ಟಿಕೊಂಡು ಮೆಲ್ಲಗೆ ಹೋಗುತ್ತಿದ್ದರು. ಮಳೆ ಬೇರೆ. ಇಬ್ಬದಿಯಲ್ಲೂ ಮರವಿಲ್ಲದ ಬೋಳು ಗುಡ್ಡಗಳು, ಒದ್ದೆ ಕುರಿಗಳು. ನಾನು ಗಡಿಯಾರ ನೋಡುತ್ತಾ ಹಲ್ಲು ಕಡಿದೆ.

ತಾಮ್ರದ ಊರಿನ ಮ್ಯೂಸಿಯಂ ಎದುರಿಗೆ ಕಾರು ನಿಲ್ಲಿಸಿದಾಗ ಒಂದು ಗಂಟೆ ನಾಲ್ಕು ನಿಮಿಷ.

"ಅಕ್ಕಾ, ನಾಲ್ಕು ನಿಮಿಷ ತಡ ಆಗ್ಬಿಡ್ತು. ಇನ್ನು ಎರಡೂವರೆವರೆಗೂ ಇಳಿಯೋ ಹಾಗಿಲ್ಲ."

ಇಂಚರ ಕಿರುಚಿದಳು: "ಅಪ್ಪಾ! ವಿ ಆರ್ ಲಿಟರಲಿ ಹಿಯರ್!"

"ರೀ, ಬಾಗಿಲು ತೆಗೆದಿದೆ, ದೀಪ ಉರೀತಿದೆ, ಹೋಗೋಣ," ಎಂದಳು ವೀಣಾ.

"ಎರಡು ತಿಂಗಳು ಕಾದಿದ್ದಾಳೆ ಅಕ್ಕ. ಇನ್ನೊಂದೂವರೆ ಗಂಟೆ ದೊಡ್ಡದಾ?" ಎಂದು ನಾನು ಗಂಭೀರವಾಗಿ ನುಡಿದೆ. ವೀಣಾ ಕಿಟಕಿಗೆ ಒರಗಿ ಕಣ್ಣು ಮುಚ್ಚಿದಳು. ಮದುವೆಯಾದ ಹದಿನೇಳು ವರ್ಷಗಳಲ್ಲಿ ಅವಳು ರೂಢಿಸಿಕೊಂಡಿರುವ ಆತ್ಮರಕ್ಷಣೆಯ ವಿಧಾನ ಅದು.

ಪೆಟ್ರೋಲ್ ಉಳಿಸಲು ಇಂಜಿನ್ ಆರಿಸಿದೆ. ಚಳಿಗೆ ಫ್ಯಾನ್ ಹಾಕಿದೆ. ಗಾಜು ಮಂಜು ಕಟ್ಟದಿರಲೆಂದು ವೈಪರ್ ಹಾಕಿದೆ. ಮಂಕು ಹೋಗಲೆಂದು ಹೆಡ್‌ಲೈಟ್, ಬೇಸರ ಹೋಗಲೆಂದು ರೇಡಿಯೋ. ಮೂರು ಫೋನುಗಳು ಚಾರ್ಜಿಗೆ. ಪುಳಿಯೋಗರೆ ತಿಂದೆವು. ಇಂಥ ಏರ್ಪಾಡು ಮಾಡಿದ ನನ್ನನ್ನು ನಾನೇ ಮೆಚ್ಚಿಕೊಂಡೆ.

ಅಕ್ಕ ಹಿಂದಿನ ಸೀಟಿನಲ್ಲಿ ಕೂತು, ಮಂಜು ಹಿಡಿದ ಕಿಟಕಿಯನ್ನು ಸೆರಗಿನ ತುದಿಯಿಂದ ಅಂಗೈಯಗಲ ಒರೆಸಿಕೊಂಡು ಆ ಕಿಂಡಿಯಲ್ಲಿ ಹೊರಗೆ ನೋಡುತ್ತಿದ್ದಳು. ಕಲ್ಲಿನ ಗೋಡೆಯ ತಗ್ಗು ಮನೆಗಳು, ಒಂದು ಎತ್ತರದ ಚಿಮಣಿ, ಆಚೆ ಹೊಳೆ. ಮಂಜು ಮತ್ತೆ ಕವಿಯುತ್ತಿತ್ತು. ಅವಳು ಮತ್ತೆ ಒರೆಸುತ್ತಿದ್ದಳು.

ಎರಡು ಗಂಟೆಯ ಹೊತ್ತಿಗೆ ಮೆಲ್ಲಗೆ ಹೇಳಿದಳು: "ನಾಗೂ, ಅವತ್ತೂ ಶನಿವಾರವೇ."

"ಯಾವತ್ತು ಅಕ್ಕ?"

"ನಿಮ್ಮ ಭಾವ ಹೋದ ದಿನ. ಬೆಳಿಗ್ಗೆ ಎದೆ ಯಾಕೋ ಹಿಡಿದಂಗಾಗ್ತಿದೆ ಅಂದ್ರು. ಆಟೋ ಕರೆಸಿದೆ. ಗೇಟಿನ ಮುಂದೆ ಬಂದು ನಿಂತಿತ್ತು. ಒಂಬತ್ತಾಗಿತ್ತು. ನಾನೇ ಅಂದೆ, ಈಗ ಬೇಡ, ಹತ್ತೂವರೆಗೆ ಹೊರಡೋಣ ಅಂತ. ಅವರು ನಕ್ಕರು ಕಣೋ. ಆಯ್ತು ಮಾರಾಯ್ತಿ ಅಂತ ಚಪ್ಪಲಿ ಹಾಕ್ಕೊಂಡೇ ಕುರ್ಚಿ ಮೇಲೆ ಕೂತ್ಕೊಂಡ್ರು. ಕಾಯ್ತಿದ್ದಾನಲ್ಲ ಪಾಪ ಅಂತ ಆಟೋದವನಿಗೆ ಕಾಫಿ ಮಾಡ್ಕೊಟ್ಟೆ. ಲೋಟ ಈಸ್ಕೊಂಡು ಒಳಗೆ ಬರೋಷ್ಟರಲ್ಲಿ..."

ವೈಪರ್ ಕಿರ್ರೋ ಎಂದು ಒಂದು ಸಲ ಅತ್ತ ಹೋಗಿ ಇತ್ತ ಬಂತು.

"ಯಾರಿಗೂ ಹೇಳಿರ್ಲಿಲ್ಲ," ಎಂದಳು ಅಕ್ಕ.

ಇಂಥ ಹೊತ್ತಿನಲ್ಲಿ ಒಬ್ಬ ತಮ್ಮ ಏನಾದರೂ ಹೇಳಬೇಕು. ಆಗಲೇ ಹೊರಟಿದ್ದರೂ ಉಳಿಯುತ್ತಿರಲಿಲ್ಲವೇನೋ ಎನ್ನಬಹುದಿತ್ತು. ಹಿಂದಕ್ಕೆ ತಿರುಗಿ ಅವಳ ಕೈಯನ್ನಾದರೂ ಹಿಡಿಯಬಹುದಿತ್ತು. ನಾನು ಗಡಿಯಾರ ನೋಡಿದೆ. ಎಲ್ಲಿ ನೋಡಬೇಕೆಂದು ತೋಚದೆ ನೋಡಿದ್ದು ಅಷ್ಟೇ, ದೇವರಾಣೆ. ಎರಡು ಗಂಟೆ ಮೂರು ನಿಮಿಷ. ಎರಡೂವರೆಗೆ ಇನ್ನೂ ಇಪ್ಪತ್ತೇಳು ನಿಮಿಷ ಇತ್ತು. ಅಕ್ಕನನ್ನು ಬೆಳಿಗ್ಗೆಯಿಂದ ಚಪ್ಪಲಿ ಹಾಕಿಸಿ ಎರಡೆರಡು ಸಲ ಕೂರಿಸಿದವನು ನಾನು.

ಅಕ್ಕ ಬಾಗಿಲು ತೆಗೆದಳು. ಮಳೆಯಲ್ಲೇ ಇಳಿದು, ಡೈರಿಯನ್ನು ಜಾಕೆಟ್ಟಿನೊಳಗೆ ಸೇರಿಸಿಕೊಂಡು, ನೇರವಾಗಿ ಮ್ಯೂಸಿಯಂ ಕಡೆ ನಡೆದಳು.

"ಸರೋಜತ್ತೆ, ವೇಯ್ಟ್!" ಎಂದು ಇಂಚರ ಕೊಡೆ ಹಿಡಿದು ಹಿಂದೆ ಓಡಿದಳು. ವೀಣಾ ನಿದ್ದೆ ಮಾಡಿರಲಿಲ್ಲ. ನನ್ನನ್ನು ಒಮ್ಮೆ ನೋಡಿ, ಏನೂ ಹೇಳದೆ ಅವಳೂ ಇಳಿದು ಹೋದಳು. ಏನಾದರೂ ಹೇಳಿದ್ದರೆ ವಾಸಿಯಿತ್ತು.

ವಾಪಸ್ ಬರುವಾಗ ಅಕ್ಕ ನೆನೆಯಬಾರದು, ಕಾರನ್ನು ಬಾಗಿಲ ತನಕ ಒಯ್ದು ನಿಲ್ಲಿಸೋಣ ಎಂದು ಕೀಲಿ ತಿರುಗಿಸಿದೆ. ಟಕ್. ಮತ್ತೆ ತಿರುಗಿಸಿದೆ. ಅದೂ ಇಲ್ಲ. ರೇಡಿಯೋ ಒಂದು ಸಲ ಕೆಮ್ಮಿ ನಿಂತಿತು. ವೈಪರ್ ಗಾಜಿನ ನಡುಮಧ್ಯದಲ್ಲಿ ಕೈಯೆತ್ತಿ ನಿಂತುಬಿಟ್ಟಿತು. ಬ್ಯಾಟರಿ ಖಾಲಿ!

ಬಾನೆಟ್ ಎತ್ತಿದೆ. ಅದರೊಳಗೆ ನನಗೆ ಪರಿಚಯವಿದ್ದ ವಸ್ತು ಮಳೆನೀರು ಒಂದೇ. ಬ್ಯಾಟರಿ ನೆನೆಯದಿರಲೆಂದು ಉಳಿದಿದ್ದ ಒಂದೇ ಕೊಡೆಯನ್ನು ಅದಕ್ಕೆ ಹಿಡಿದು ನಾನು ನೆನೆಯುತ್ತಾ ನಿಂತೆ. ಎಷ್ಟೋ ಹೊತ್ತಿನ ಮೇಲೆ ಒಬ್ಬ ಕುರಿ ಸಾಕುವ ಮುದುಕ ತನ್ನ ಯೂಟ್ ಎಂಬ ತೆರೆದ ಪಿಕಪ್ ಗಾಡಿ ನಿಲ್ಲಿಸಿದ. ಹಿಂದೆ ಎರಡು ನಾಯಿ. ಬಗ್ಗಿ ನೋಡಿ, "ಬ್ಯಾಟರೀಸ್ ಕ್ಯಾಕ್ಟಸ್, ಮೇಟ್," ಎಂದ. ಸತ್ತುಹೋಗಿದೆ ಎನ್ನಲು ಇಲ್ಲಿಯವರು ಹಾಗೆನ್ನುತ್ತಾರೆ. ತನ್ನ ಗಾಡಿಯ ಬ್ಯಾಟರಿಯಿಂದ ನಮ್ಮದಕ್ಕೆ ಕೇಬಲ್ ಹಚ್ಚುತ್ತಾ ವಿಚಾರಣೆ ಶುರುಮಾಡಿದ. ನಮ್ಮ ಇಂಗ್ಲಿಷ್ ಸಂಭಾಷಣೆಯ ಸಾರಾಂಶ ಹೀಗಿದೆ.

"ಎಲ್ಲಾ ಹಾಕ್ಕೊಂಡು ಎಷ್ಟು ಹೊತ್ತು ಕೂತಿದ್ದೆ?"

"ಒಂದು ಗಂಟೆ."

"ಎದುರಿಗೇ ಮ್ಯೂಸಿಯಂ ಇದೆ. ಒಳಗೆ ಹೀಟರ್ ಇದೆ. ಯಾಕೆ ಹೋಗ್ಲಿಲ್ಲ?"

"ಒಂದು ಗ್ರಹ ಇದೆ."

"ಎಲ್ಲಿ?"

"ಅದು ಕಾಣಿಸೋದಿಲ್ಲ."

ಮುದುಕ ನೆಟ್ಟಗಾಗಿ, ಟೋಪಿಯ ಅಂಚು ಸರಿಸಿ, ಬೂದು ಮೋಡ ಮುಚ್ಚಿದ್ದ ಆಕಾಶವನ್ನು ತುಂಬಾ ಹೊತ್ತು ನೋಡಿದ. "ನಾಟ್ ದಿಸ್ ಆರ್ವೋ, ಮೇಟ್," ಎಂದ. ಈ ಮಧ್ಯಾಹ್ನವಂತೂ ಕಾಣುವುದಿಲ್ಲ ಎಂದು. ನಾಯಿಗಳೂ ನನ್ನನ್ನು ಕನಿಕರದಿಂದ ನೋಡಿದವು.

ಕಾರು ಗುರ್ರೆಂದಿತು. "ಇನ್ನು ಅರ್ಧ ಗಂಟೆ ಇಂಜಿನ್ ಆರಿಸಬೇಡ. ಬಿಟ್ಟೂ ಹೋಗಬೇಡ," ಎಂದು ಎಚ್ಚರಿಕೆ ಕೊಟ್ಟು ಹೋದ. ಹೀಗಾಗಿ ನಾನು ಮತ್ತೆ ಕಾರಿನಲ್ಲೇ ಕೂತೆ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗ ಮ್ಯೂಸಿಯಂ ಹೊರಗಿನ ಬೋರ್ಡು ಮೊದಲ ಬಾರಿಗೆ ನನ್ನ ಕಣ್ಣಿಗೆ ಬಿತ್ತು. ಶನಿವಾರ ಒಂದರಿಂದ ಮೂರು ಗಂಟೆ. ಊರಿನವರೇ ಸ್ವಂತ ಇಷ್ಟದಿಂದ ಬಂದು ತೆರೆಯುವ ಮ್ಯೂಸಿಯಂ ಅದು. ನನ್ನ ಯೋಜನೆಯಂತೆ ಎರಡೂವರೆಗೆ ಇಳಿದಿದ್ದರೆ ಅಕ್ಕನಿಗೆ ಸಿಗುತ್ತಿದ್ದದ್ದು ಅರ್ಧ ಗಂಟೆ!

ಮೂರಾಯಿತು. ಯಾರೂ ಬರಲಿಲ್ಲ. ಮೂರೂಕಾಲಕ್ಕೆ ಬಿಳಿಕೂದಲಿನ ಒಬ್ಬ ಹೆಂಗಸು ಬೀಗದಕೈ ಗೊಂಚಲು ಹಿಡಿದು, ಅಕ್ಕನ ತೋಳು ಹಿಡಿದುಕೊಂಡು ಹೊಳೆಯ ಕಡೆ ಇಳಿದುಹೋಗುವುದು ಕಂಡಿತು. ಹಿಂದೆ ವೀಣಾ, ಇಂಚರ. ದಂಡೆಯಲ್ಲಿ ಕೊರೆದ ಒಂದು ತಗ್ಗು ಬಾಗಿಲು. ಅಕ್ಕ ತಲೆ ಬಗ್ಗಿಸಿ ಅದರೊಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಆ ಹೆಂಗಸು ಗೇಟಿನ ಬಳಿ ಅಕ್ಕನನ್ನು ತಬ್ಬಿಕೊಂಡಳು. ನಾನು ಗಾಜು ಇಳಿಸಿ, ಐದೇ ನಿಮಿಷ ನಾನೂ ನೋಡಬಹುದೇ ಎಂದು ಕೇಳಿದೆ.

"ಸಾರಿ ಲವ್, ವಿ ಆರ್ ಕ್ಲೋಸ್ಡ್," ಎಂದು ಬೀಗ ಹಾಕಿದಳು.

ದಾರಿಯಲ್ಲಿ ವೀಣಾ ಹೇಳಿದಳು. ಆ ಹೆಂಗಸು ಡೈರಿಯಲ್ಲೇನಿದೆ ಎಂದು ಕೇಳಿದಳಂತೆ. ಅಕ್ಕ ಕನ್ನಡದಲ್ಲಿ ಹೇಳುತ್ತಾ ಹೋದಳಂತೆ, ಇಂಚರ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳಂತೆ. ಆ ಹೆಂಗಸು ಹೇಳಿದ್ದನ್ನು ಅಕ್ಕನಿಗೆ ಕನ್ನಡದಲ್ಲೇ ಹೇಳಿದಳಂತೆ, ತಡವರಿಸುತ್ತಾ. ನಮ್ಮ ಇಂಚರ!

"ಒಳಗೆ ಹೇಗಿತ್ತಕ್ಕಾ?" ಎಂದೆ.

"ಪುಟ್ಟ ಒಲೆ ಇತ್ತು ಕಣೋ. ಮಗು ಮಲಗಿಸೋಕೆ ಗೋಡೆಯಲ್ಲೇ ಒಂದು ಗೂಡು," ಎಂದಳು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಬಟ್ಟೆ ಒದ್ದೆಯಾಗಿದೆ. ಮನೆಗೆ ಹೋಗಿ ಮೊದ್ಲು ತಲೆ ಒರೆಸ್ಕೋ," ಎಂದಳು.

ಸೋಮವಾರ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೊರಟಾಗ ಎಂಟು ಗಂಟೆ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ನಾನು ಬಾಯಿಬಿಡಲಿಲ್ಲ. ಅಕ್ಕ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು, "ಹೊರಡೋ, ಕಾಯ್ಬೇಡ," ಎಂದಳು.

ಅವಳನ್ನು ಕಳಿಸಿ ಕಾರಿಗೆ ಮರಳಿದಾಗ ಇಂಚರ ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ತಾಮ್ರದ ಊರಿನ ಮ್ಯೂಸಿಯಂನಲ್ಲಿಟ್ಟಿದ್ದ ಸಂದರ್ಶಕರ ಪುಸ್ತಕದ ಪುಟ. ಅಕ್ಕ ಕನ್ನಡದಲ್ಲೇ ಬರೆದಿದ್ದಳು. ಮೊದಲ ಸಾಲಿನಲ್ಲಿ ಭಾವನ ಹೆಸರು, ಅದರ ಕೆಳಗೆ ತನ್ನ ಹೆಸರು. ಊರು, ಮೈಸೂರು. ಅಭಿಪ್ರಾಯ ಬರೆಯುವ ಜಾಗದಲ್ಲಿ ಎರಡೇ ಪದ: "ತಡವಾಗಿ ಬಂದೆವು."

ಅದರ ಕೆಳಗೆ ವೀಣಾ. ಅದರ ಕೆಳಗೆ ಇಂಚರ. ನಾನು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ಹುಡುಕಿದೆ. ನಾಲ್ಕೇ ಹೆಸರು. ಐದು ಊರು ತೋರಿಸುತ್ತೇನೆಂದು ಪಟ್ಟಿ ಹಿಡಿದು ಹೊರಟವನು ನಾನು. ತೀರಿಹೋದ ಭಾವ ಕೂಡ ಒಳಗೆ ಹೋಗಿ ನೋಡಿಕೊಂಡು ಬಂದ ಊರನ್ನು ನಾನು ಮಾತ್ರ ನೋಡಲಿಲ್ಲ!